ಪಂಚ್ ಕಾರ್ಡ್ ಕಾಲದವರು, ಅರವತ್ತರ ಮೇಲೆ ತಾವೋ ಕಡೆ ಬಂದವರು ಯಾರಾದರೂ ಇದ್ದೀರಾ?

ಕಾಲಂ72, ಮೈಸೂರು

ನನಗೀಗ ಎಪ್ಪತ್ತು. ನೌಕರಿಯೆಲ್ಲ ಕಂಪ್ಯೂಟರ್ ಜೊತೆಗೇ ಕಳೆಯಿತು. ನಿವೃತ್ತಿ ಆದ ಮೇಲೆ ಹಿಡಿದದ್ದು ತಾವೋ ಎಂಬ ಚೀನಾದ ಹಳೆಯ ದಾರಿ. ಬೆಳಿಗ್ಗೆ ತಾರಸಿ ಮೇಲೆ ಬಾದುವಾನ್‌ಜಿನ್ ಅನ್ನುವ ಎಂಟು ಚಲನೆಗಳನ್ನು ಮಾಡುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತೇನೆ. ನಿಲ್ಲುವುದು ಅಂದರೆ ನಿಲ್ಲುವುದೇ, ಬೇರೇನೂ ಇಲ್ಲ. ಸಂಜೆ ಆ ದಾರಿಯ ಹಳೆಯ ಗುರುಗಳಾದ ಲಾವೋತ್ಸು, ಚುವಾಂಗ್ ತ್ಸು ಓದು. ನನ್ನ ಜೊತೆ ಕೆಲಸ ಮಾಡಿದ ಒಂದಿಬ್ಬರು ಇದೇ ಕಡೆ ಬಂದಿದ್ದಾರೆ ಎಂದು ಈಚೆಗೆ ಗೊತ್ತಾಯಿತು. ಅದಕ್ಕೇ ಕೇಳೋಣ ಅನ್ನಿಸಿತು. ಹಳೇ ಕಂಪ್ಯೂಟರ್ ಮಂದಿಗೂ ಇದಕ್ಕೂ ಏನಾದರೂ ನಂಟಿದೆಯಾ? ಇಲ್ಲಾ, ವಯಸ್ಸಾದ ಮೇಲೆ ಎಲ್ಲರೂ ಏನಾದರೊಂದು ಹಿಡಿಯುತ್ತಾರೆ, ನಮ್ಮ ಕೈಗೆ ಸಿಕ್ಕಿದ್ದು ಇದು, ಅಷ್ಟೆಯಾ?

ನಾನು ಕಂಪ್ಯೂಟರ್ ನೋಡಿದ್ದು 1970ರ ದಶಕದಲ್ಲಿ. ನೋಡಿದ್ದು ಅನ್ನುವುದೂ ಜಾಸ್ತಿ ಆಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಐಬಿಎಂ 360/44 ಎಂಬ ದೊಡ್ಡ ಕಂಪ್ಯೂಟರ್ ಇತ್ತು. ನಾವು ಪ್ರೋಗ್ರಾಮನ್ನು ತೂತುಗಳಾಗಿ ಹೊಡೆದ ಪಂಚ್ ಕಾರ್ಡಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋಗಿ ಕೌಂಟರಿನಲ್ಲಿ ಕೊಡಬೇಕು. ಮಾರನೇ ದಿನ ಹೋದರೆ ಅಗಲವಾದ ಕಾಗದದಲ್ಲಿ ಉತ್ತರ. ಉತ್ತರ ಅಂದರೆ ಬಹುತೇಕ ತಪ್ಪುಗಳ ಪಟ್ಟಿ. ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಲು ಸುಲಭವಾಗಲಿ ಎಂದು ಪಕ್ಕದಲ್ಲಿ ಓರೆಯಾಗಿ ಮಾರ್ಕರ್ ಗೆರೆ ಎಳೆಯುತ್ತಿದ್ದೆವು. ಬೇಡವಾದ ಕಾರ್ಡಿನ ಹಿಂದೆ ಅಮ್ಮ ದಿನಸಿ ಪಟ್ಟಿ ಬರೆಯುತ್ತಿದ್ದರು.

ನನ್ನ ಅಡ್ಡಹೆಸರು ಅಲ್ಲಿಂದಲೇ ಬಂದದ್ದು. ಕಾರ್ಡಿಗೆ 80 ಕಾಲಂ. ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲ 5 ಸ್ಟೇಟ್‌ಮೆಂಟ್ ನಂಬರಿಗೆ, 6ನೆಯದು ಹಿಂದಿನ ಸಾಲಿನ ಮುಂದುವರಿಕೆಗೆ, 7ರಿಂದ 72ರವರೆಗೆ ಪ್ರೋಗ್ರಾಮ್. ಅದರಾಚೆ ಏನು ಪಂಚ್ ಮಾಡಿದರೂ ಕಂಪೈಲರ್, ಅಂದರೆ ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್, ಕಣ್ಣೆತ್ತಿ ನೋಡುವುದಿಲ್ಲ.

ತಾವೋ ಸಿಕ್ಕಿದ್ದು ಅಮೆರಿಕದ ಕ್ಯುಪರ್ಟಿನೋದಲ್ಲಿ, ಮಗನ ಮನೆಗೆ ಹೋದಾಗ. ಹಾಗೆ ಹೋಗಿ ತಿಂಗಳುಗಟ್ಟಲೆ ಇರುವ ಅಪ್ಪ ಅಮ್ಮಂದಿರ ಪಾಡು ನಿಮಗೆಲ್ಲ ಗೊತ್ತು. ಮಗ ಸೊಸೆ ಆಫೀಸಿಗೆ, ಮೊಮ್ಮಗಳು ಡೇಕೇರಿಗೆ, ನಮಗೆ ಅಲ್ಲಿ ಕಾರು ಓಡಿಸಲು ಧೈರ್ಯವಿಲ್ಲ. ಉಳಿಯುವುದು ಪಾರ್ಕ್. ಅಲ್ಲಿ ಬೆಳಿಗ್ಗೆ ಚೀನಾದ ಅಜ್ಜ ಅಜ್ಜಿಯರ ಗುಂಪು. ಅವರೂ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರೇ. ಒಬ್ಬ ಅಜ್ಜಿ ಕೈಸನ್ನೆ ಮಾಡಿ ನನ್ನನ್ನು ಹಿಂದಿನ ಸಾಲಿಗೆ ಸೇರಿಸಿಕೊಂಡರು. ಅವರಲ್ಲೊಬ್ಬರು ಪೇಪರ್ ಟೇಪ್ ಕಾಲದ ಎಂಜಿನಿಯರ್. ನಾನು ಫೋರ್ಟ್ರಾನ್ ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಹೆಕ್ಸ್‌ಕೀಪ್ಯಾಡ್, ಹುಬ್ಬಳ್ಳಿ

ಸರ್ ನಮಸ್ಕಾರ. ನಾನು ನಿಮಗಿಂತ ಚಿಕ್ಕವನು, 56. ಪಂಚ್ ಕಾರ್ಡ್ ಕೈಯಲ್ಲಿ ಹಿಡಿದಿಲ್ಲ. ನಮ್ಮದು 8085 ಕಿಟ್, ಆ ಹೆಸರಿನ ಪ್ರೊಸೆಸರ್ ಕೂರಿಸಿದ ಕಲಿಕೆಯ ಬೋರ್ಡು. ಕಾಲೇಜಿನಲ್ಲಿ ಪಾಠ ಮಾಡುವುದೂ ಅದನ್ನೇ. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಮಾಡಿದವರಿಗೆಲ್ಲ ನೆನಪಿರುತ್ತೆ. ಪರದೆ ಇಲ್ಲ. ಆರು ಕೆಂಪು ಅಂಕಿ ಮಾತ್ರ. ನಾಲ್ಕು ಅಡ್ರೆಸ್ಸಿಗೆ, ಎರಡು ಡೇಟಾಕ್ಕೆ. ಕೋಡನ್ನು ಕಾಗದದ ಮೇಲೆ ಬರೆದು, ಪ್ರತಿ ಸೂಚನೆಗೂ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆ ಹುಡುಕಿ, ಒಂದೊಂದೇ ಒತ್ತಬೇಕು. 3ಇ, 05, ಹೀಗೆ. ಕೊನೆಗೆ 76, ಅಂದರೆ ಹಾಲ್ಟ್. ಅಷ್ಟರಲ್ಲಿ ಕರೆಂಟ್ ಹೋದರೆ ಎಲ್ಲ ಮೊದಲಿನಿಂದ. ಹುಬ್ಬಳ್ಳಿಯಲ್ಲಿ ಕರೆಂಟ್ ಹೋಗುತ್ತಿದ್ದುದು ಪ್ರಾಕ್ಟಿಕಲ್ ಪರೀಕ್ಷೆ ದಿನವೇ ರೀ.

ನನಗೆ ತಾವೋ ಬಗ್ಗೆ ಗೊತ್ತಿರುವುದು ಕಡಿಮೆ. ಆದರೆ ಒಂದು ಮಾತು. 8085ರಲ್ಲಿ 00 ಅಂದರೆ ನೋಪ್. ಏನೂ ಮಾಡಬೇಡ ಎನ್ನುವ ಸೂಚನೆ. ಅದಕ್ಕೂ ನಾಲ್ಕು ಕ್ಲಾಕ್, ಅಂದರೆ ಪ್ರೊಸೆಸರಿನ ನಾಲ್ಕು ಬಡಿತ, ಬೇಕು. ಪ್ರೋಗ್ರಾಮ್ ಮಾತ್ರ ಒಂದು ಹೆಜ್ಜೆ ಮುಂದೆ ಹೋಗುತ್ತೆ. ನೀವು ತಾರಸಿ ಮೇಲೆ ನಿಲ್ಲುವುದು ಇದೇ ಅಲ್ವಾ?

ಕಾಲಂ72, ಮೈಸೂರು

ಹಹ್ಹಾ, ಹತ್ತಿರ ಬಂದಿರಿ. ಆದರೆ ನೋಪ್ ಅಲ್ಲ. ನೀವೇ ಪಾಠ ಮಾಡಿರುವ ಇನ್ನೊಂದಿದೆ, ಪೋಲಿಂಗ್ ಮತ್ತು ಇಂಟರಪ್ಟ್. ಪೋಲಿಂಗಿನಲ್ಲಿ ಪ್ರೊಸೆಸರ್ ಸುತ್ತಿ ಸುತ್ತಿ ಕೇಳುತ್ತಲೇ ಇರುತ್ತದೆ. ಕೀ ಒತ್ತಿದರಾ? ಈಗ ಒತ್ತಿದರಾ? ಇಂಟರಪ್ಟಿನಲ್ಲಿ ತನ್ನ ಪಾಡಿಗಿರುತ್ತದೆ, ಕರೆದಾಗ ಎದ್ದು ಬರುತ್ತದೆ. ಮೊದಮೊದಲು ನಿಂತಾಗ ನನ್ನ ತಲೆ ಪೂರ್ತಿ ಪೋಲಿಂಗ್. ಹಾಲಿನವನು ಬಂದನಾ, ಮೊಣಕಾಲು ನೋಯುತ್ತಿದೆಯಾ, ಸಮಯ ಎಷ್ಟಾಯಿತು. ಈಗಲೂ ನಡೆಯುತ್ತದೆ, ಆದರೆ ನಡುನಡುವೆ ನಿಂತುಹೋಗುತ್ತದೆ. ಹಾಗೆ ನಿಂತಾಗ ಭುಜ ತಾನಾಗಿ ಇಳಿಯುತ್ತದೆ. ನಾನು ಇಳಿಸುವುದಲ್ಲ.

ಲೆಡ್ಜರ್ ಮೇಡಂ, ಶಿವಮೊಗ್ಗ

ನಾನು ಎಂಜಿನಿಯರ್ ಅಲ್ಲ. ಬ್ಯಾಂಕಿನ ಗುಮಾಸ್ತೆಯಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತಳಾದವಳು. ಈಗ 66. ಆದರೂ ಈ ಮಾತಿನಲ್ಲಿ ನನಗೂ ಜಾಗ ಇದೆ ಅಂದುಕೊಂಡಿದ್ದೇನೆ.

ಲೆಡ್ಜರ್ ಕಾಲ ಹೇಗಿತ್ತು ಗೊತ್ತಾ? ಉಳಿತಾಯ ಖಾತೆಗೆ ಬಡ್ಡಿ ಲೆಕ್ಕ ಹಾಕಬೇಕಾದರೆ ಪ್ರತಿ ತಿಂಗಳೂ 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಕನಿಷ್ಠ ಮೊತ್ತ ಹುಡುಕಬೇಕು. ಒಂದೊಂದು ಖಾತೆಗೂ. ಕೈಯಲ್ಲಿ. ಅರ್ಧವಾರ್ಷಿಕ ಕ್ಲೋಸಿಂಗ್ ಬಂತೆಂದರೆ ಮನೆಗೆ ಹೋಗುವ ಹೊತ್ತೇ ಗೊತ್ತಿಲ್ಲ. ಒಂದು ರೂಪಾಯಿ ಟ್ಯಾಲಿ ಆಗದಿದ್ದರೆ ಇಡೀ ಶಾಖೆ ಹುಡುಕುತ್ತದೆ. ಯಾರೋ ಜೇಬಿನಿಂದ ಒಂದು ರೂಪಾಯಿ ಹಾಕುತ್ತೇನೆ ಅಂದರೆ ಅಕೌಂಟೆಂಟರು ಹೊಡೆಯಲು ಬರುತ್ತಿದ್ದರು.

1984ರಲ್ಲಿ ರಂಗರಾಜನ್ ಸಮಿತಿ ವರದಿ ಬಂತು. ಬ್ಯಾಂಕಿಗೆ ಕಂಪ್ಯೂಟರ್ ಬರಲಿ ಅಂತ. ಯೂನಿಯನ್ನಿನಲ್ಲಿ ಕೋಲಾಹಲ. ನಾನೂ ಧರಣಿ ಕೂತವಳು. ಕೆಲಸ ಹೋಗುತ್ತೆ ಎಂಬ ಭಯ. ಆಮೇಲೆ ಒಪ್ಪಂದ ಆಯಿತು, ಎಎಲ್‌ಪಿಎಂ ಬಂತು. ಲೆಡ್ಜರ್ ಪೋಸ್ಟಿಂಗ್ ಮಾಡುವ ಯಂತ್ರ. ಕಂಪ್ಯೂಟರ್ ಅಂತ ಕರೆಯದೆ ಮೆಷಿನ್ ಅಂತ ಕರೆದರೆ ನಮಗೆ ಸಿಟ್ಟು ಕಡಿಮೆ ಬರುತ್ತೆ ಅಂದುಕೊಂಡಿದ್ದರೋ ಏನೋ! ಅದಕ್ಕೊಂದು ರೂಮು, ಎಸಿ, ಪರದೆ. ಚಪ್ಪಲಿ ಹೊರಗೆ ಬಿಡಬೇಕು. ಶಿವಮೊಗ್ಗದ ಬೇಸಿಗೆಯಲ್ಲಿ ಮ್ಯಾನೇಜರಿಗೂ ಎಸಿ ಇಲ್ಲ, ಮೆಷಿನ್ನಿಗೆ ಇದೆ. ಒಂದಲ್ಲ ಒಂದು ನೆಪ ಮಾಡಿಕೊಂಡು ಎಲ್ಲರೂ ಆ ರೂಮಿಗೆ ಹೋಗಿಬರುತ್ತಿದ್ದರು.

ತಾವೋ ಬಗ್ಗೆ ಆಮೇಲೆ ಬರೆಯುತ್ತೇನೆ. ಅದು ಇಷ್ಟು ಸಲೀಸಾಗಿ ಬರುವುದಿಲ್ಲ.

ಅಡ್ಡಪ್ರಶ್ನೆ, ದಾವಣಗೆರೆ

ಎಲ್ಲ ಸರಿ. ನನ್ನ ಹೆಸರಿಗೆ ತಕ್ಕ ಹಾಗೆ ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೈಸೂರಿನಲ್ಲಿ ಕೂತು ಚೀನಾಕ್ಕೆ ಯಾಕೆ ಹೋದಿರಿ? ಇಡೀ ಪ್ರಪಂಚ ಯೋಗ ಕಲಿಯಲು ನಿಮ್ಮ ಮೈಸೂರಿಗೇ ಬರುತ್ತಿದೆ. ಬಯಲಿನ ಮಾತು ಬೇಕಿದ್ದರೆ ಅಲ್ಲಮ ಇದ್ದಾನೆ. ಅವನಿಗಿಂತ ದೊಡ್ಡ ತಾವೋ ಬೇಕಾ? ನನಗೆ 73. ನಿವೃತ್ತರಾದ ಸಾಫ್ಟ್‌ವೇರ್ ಮಂದಿ ಮೊದಲು ಝೆನ್ ಅಂದರು, ಈಗ ತಾವೋ. ಇದೊಂದು ಶೋಕಿ ಅಂತ ನನ್ನ ಅನುಮಾನ.

ಕಾಲಂ72, ಮೈಸೂರು

ಬೇಸರವೇನಿಲ್ಲ ಸರ್. ಯೋಗ ಮಾಡಿದವನೇ. ಅರುವತ್ತೆರಡರಲ್ಲಿ ಸೊಂಟ ಬಗ್ಗದೇ ಇದ್ದಾಗ ಪಕ್ಕದ ಮ್ಯಾಟಿನಲ್ಲಿ ಇಪ್ಪತ್ತೈದರ ಹುಡುಗಿ ಮಡಚಿಕೊಂಡಿರುತ್ತಿದ್ದಳು. ಅದು ಯೋಗದ ದೋಷ ಅಲ್ಲ. ನನ್ನೊಳಗಿನ ಪರೀಕ್ಷೆ ಬರೆಯುವ ಹುಡುಗನ ದೋಷ. ನಲವತ್ತು ವರ್ಷ ಡೆಡ್‌ಲೈನ್ ಹಿಂದೆ ಓಡಿದವನಿಗೆ ಆಸನವೂ ಡೆಡ್‌ಲೈನೇ. ಪಾರ್ಕಿನ ಆ ಗುಂಪಿನಲ್ಲಿ ಹಾಗೆ ಓಡಲು ಏನೂ ಇರಲಿಲ್ಲ. ಎಂಬತ್ತರ ಅಜ್ಜಿ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದರು. ವಯಸ್ಸಾದಷ್ಟೂ ಚೆನ್ನಾಗಿ ಬರುವ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ. ಕೋಡಿಂಗಿನಲ್ಲಂತೂ ಉಲ್ಟಾ.

ಅಲ್ಲಮನ ವಿಷಯ ಒಪ್ಪುತ್ತೇನೆ. ಅಲ್ಲಮನನ್ನು ಓದಿದ್ದವನಿಗೇ ಲಾವೋತ್ಸು ಬೇಗ ಹತ್ತಿರವಾಗುತ್ತಾನೆ. ಅನಂತಮೂರ್ತಿಯವರು ಲಾವೋತ್ಸುವಿನ ದಾವ್ ದ ಜಿಂಗನ್ನು ಕನ್ನಡಕ್ಕೆ ತಂದಿದ್ದಾರಲ್ಲ, 81 ಸಣ್ಣ ಅಧ್ಯಾಯ. ಓದುವಾಗ ಪರದೇಶದ್ದು ಅನ್ನಿಸುವುದೇ ಇಲ್ಲ. ಗಾಲಿಯ ಮೂವತ್ತು ಅರೆಗಳು ನಡುವಿನ ಖಾಲಿಗೆ ಸೇರುತ್ತವೆ, ಆ ಖಾಲಿಯಿಂದಲೇ ಗಾಡಿ ಓಡುತ್ತದೆ ಅನ್ನುವ ಮಾತು ಪಂಚ್ ಕಾರ್ಡ್ ನೋಡಿದವನಿಗೆ ಬೇರೆ ಥರ ತಟ್ಟುತ್ತದೆ. ಕಾರ್ಡಿನಲ್ಲಿ ಮಾತಾಡುತ್ತಿದ್ದುದು ತೂತುಗಳೇ ತಾನೆ.

ಸೆರಂಗೂನ್ ರಸ್ತೆ, ಸಿಂಗಪುರ

ಇಲ್ಲಿ ಸ್ವಲ್ಪ ಬಾಯಿ ಹಾಕುತ್ತೇನೆ. ನಾನು ಉಡುಪಿ ಕಡೆಯವನು, 1990ರ ದಶಕದಿಂದ ಸಿಂಗಪುರದಲ್ಲಿದ್ದೇನೆ, ಈಗ 63. ಬಂದದ್ದು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಕೆಲಸಕ್ಕೆ. ಕೋಬಾಲ್ ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆ, ಆಮೇಲೆ ವೈ2ಕೆ, ಅಂದರೆ 2000ನೇ ಇಸವಿಯ ತೊಂದರೆ. ಎರಡಂಕಿಯ ವರ್ಷವನ್ನು ನಾಲ್ಕಂಕಿ ಮಾಡಿದ್ದೇ ನನ್ನ ಯೌವನದ ಸಾಧನೆ.

ನೀವೆಲ್ಲ ಪುಸ್ತಕದ ತಾವೋ ಮಾತಾಡುತ್ತಿದ್ದೀರಿ. ನಾನು ನೋಡುವುದು ದೇವಸ್ಥಾನದ ತಾವೋ. ಇವೆರಡರ ನಡುವೆ ದೊಡ್ಡ ಅಂತರ ಇದೆ. ಇಲ್ಲಿನ ಜನಕ್ಕೆ ತಾವೋ ಅಂದರೆ ಊದುಬತ್ತಿ, ಹರಕೆ, ಜೇಡ್ ಚಕ್ರವರ್ತಿ ದೇವರು, ಮೈಮೇಲೆ ಬರುವುದು. ಚೀನೀ ಹೊಸ ವರ್ಷದ ಒಂಬತ್ತನೇ ದಿನ ಜೇಡ್ ಚಕ್ರವರ್ತಿಯ ಹುಟ್ಟುಹಬ್ಬ. ಹೊಕ್ಕಿಯನ್ ಎಂಬ ಚೀನೀ ಸಮುದಾಯದವರ ಮನೆ ಮುಂದೆ ಆವತ್ತು ಕಬ್ಬು ಕಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ಸಂಕ್ರಾಂತಿ ನೆನಪಾಗಿ ಕಣ್ಣು ತುಂಬಿತ್ತು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಒಂಬತ್ತು ಚಕ್ರವರ್ತಿಗಳ ಹಬ್ಬ. ಬಿಳಿ ಬಟ್ಟೆ, ಹಳದಿ ಬಾವುಟ, ಮಾಂಸ ಇಲ್ಲ. ನಮ್ಮ ನವರಾತ್ರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ.

ವಾಟರ್‌ಲೂ ಬೀದಿಯಲ್ಲಿ ಕರುಣೆಯ ದೇವತೆ ಗ್ವಾನ್ ಯಿನ್ ದೇವಸ್ಥಾನದ ಮಗ್ಗುಲಲ್ಲೇ ಶ್ರೀಕೃಷ್ಣ ದೇವಸ್ಥಾನ. ಚೀನೀಯರು ಅಲ್ಲಿ ಕೈಮುಗಿದು ಬಂದು ಇಲ್ಲಿ ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚುತ್ತಾರೆ. ಯಾವುದು ಯಾವ ಧರ್ಮ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಾನೂ ಹಾಗೇ ಶುರು ಮಾಡಿದ್ದು. ಮನೆಗೆ ಹತ್ತಿರದ ದೇವಸ್ಥಾನದ ಅಂಗಳದಲ್ಲಿ ವಯಸ್ಸಾದವರು ತೈಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮ ಮಾಡುತ್ತಿದ್ದರು, ಸೇರಿಕೊಂಡೆ. ತತ್ತ್ವ ಆಮೇಲೆ ಬಂತು. ನನ್ನ ಕೇಳಿದರೆ ಅದೇ ಸರಿಯಾದ ಕ್ರಮ.

ಇನ್ನೊಂದು. ಬಾದುವಾನ್‌ಜಿನ್, ತೈಚಿ ಮಾಡಿದ ತಕ್ಷಣ ತಾವೋ ಮಾರ್ಗಿ ಆಗುವುದಿಲ್ಲ. ತೈಚಿಯನ್ನು ವುದಾಂಗ್ ಬೆಟ್ಟದ ಸನ್ಯಾಸಿ ಝಾಂಗ್ ಸಾನ್‌ಫೆಂಗ್ ಕಂಡುಹಿಡಿದ ಅನ್ನುವುದು ದಂತಕಥೆ. ದಾಖಲೆ ಸಿಗುವುದು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ, 17ನೇ ಶತಮಾನದಿಂದ. ಪಾರ್ಕಿನಲ್ಲಿ ಎಲ್ಲರೂ ಮಾಡುವ 24 ಚಲನೆಯ ತೈಚಿಯನ್ನು 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಇಲಾಖೆ ಜೋಡಿಸಿತು. ಕಮ್ಯುನಿಸ್ಟ್ ಸರ್ಕಾರ ಮಾಡಿದ ವ್ಯಾಯಾಮವನ್ನು ನಾವು ಸಾವಿರಾರು ವರ್ಷದ ಗುಟ್ಟು ಅಂತ ಮಾಡುತ್ತೇವೆ. ಅದರಿಂದ ನನಗೇನೂ ತೊಂದರೆ ಇಲ್ಲ.

ಹೆಕ್ಸ್‌ಕೀಪ್ಯಾಡ್, ಹುಬ್ಬಳ್ಳಿ

ನಮ್ಮ ಕಾಲೇಜಿನ ಒಬ್ಬರು ಹೇಳುತ್ತಿರುತ್ತಾರೆ, ಕಂಪ್ಯೂಟರಿನ ಮೂಲವೇ ಚೀನಾದ ಯೀ ಜಿಂಗ್ ಎಂಬ ಹಳೆಯ ಗ್ರಂಥ, ಅದರ ಆರಾರು ಗೆರೆಗಳ 64 ಷಡ್ರೇಖೆಗಳು ಅಂದರೆ 6 ಬಿಟ್, ಲೈಬ್ನಿಟ್ಸ್ ಎಂಬ ಜರ್ಮನ್ ಗಣಿತಜ್ಞ ಬೈನರಿ, ಅಂದರೆ 0 ಮತ್ತು 1ರ ಲೆಕ್ಕ, ಕದ್ದದ್ದು ಅಲ್ಲಿಂದ ಅಂತ. ನಿಜವಾ?

ಸೆರಂಗೂನ್ ರಸ್ತೆ, ಸಿಂಗಪುರ

ಕದ್ದದ್ದಲ್ಲ. ಲೈಬ್ನಿಟ್ಸ್ 1679ರಲ್ಲೇ ಬೈನರಿ ಲೆಕ್ಕ ಬರೆದಿಟ್ಟಿದ್ದ. ಚೀನಾದಲ್ಲಿದ್ದ ಬೂವೇ ಎಂಬ ಜೆಸ್ಯೂಟ್ ಪಾದ್ರಿ ಷಡ್ರೇಖೆಗಳ ಚಿತ್ರವನ್ನು ಅವನಿಗೆ ಕಳಿಸಿದ್ದು ಆಮೇಲೆ. ನೋಡಿ ಖುಷಿಪಟ್ಟು 1703ರ ಲೇಖನದಲ್ಲಿ ಸೇರಿಸಿದ. ಅಷ್ಟೆ. ಯೀ ಜಿಂಗ್ ತಾವೋದವರದ್ದು ಮಾತ್ರವೂ ಅಲ್ಲ, ಚೀನಾದ ಇನ್ನೊಬ್ಬ ಹಳೆಯ ಗುರು ಕನ್ಫ್ಯೂಷಿಯಸ್ ಕಡೆಯವರಿಗೂ ಅದು ಮೂಲಗ್ರಂಥ.

ಅಡ್ಡಪ್ರಶ್ನೆ, ದಾವಣಗೆರೆ

ಅದಕ್ಕೆ ಚೀನಾ ಯಾಕೆ? ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರೆಲ್ಲ ಬೈನರಿ ಮಾಡಿದವರೇ. ಲಘು, ಗುರು, ಎರಡೇ ಗುರುತು. ಮೂರು ಅಕ್ಷರಕ್ಕೆ ಒಂದು ಗಣ, ಒಟ್ಟು ಎಂಟು ಗಣ. ಯಮಾತಾರಾಜಭಾನಸಲಗಂ. ಪಿಂಗಳನ ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರದ ಕ್ರಮ ಸ್ಪಷ್ಟವಾಗಿದೆ.

ಹೆಕ್ಸ್‌ಕೀಪ್ಯಾಡ್, ಹುಬ್ಬಳ್ಳಿ

ಆಹಾ! ಯೀ ಜಿಂಗಿನ ಮೂರು ಗೆರೆಯ ತ್ರಿರೇಖೆಗಳೂ ಎಂಟೇ. ಆದರೆ ಎರಡು ಗುರುತು, ಮೂರು ಸ್ಥಾನ ಅಂದಮೇಲೆ ಎಲ್ಲಿ ಹೋದರೂ ಎಂಟೇ ಬರಬೇಕಲ್ಲ ಸರ್. ಅದರಲ್ಲಿ ಗುಟ್ಟೇನಿಲ್ಲ. ನಾಳೆ ಕ್ಲಾಸಿನಲ್ಲಿ ಮಾತ್ರ ಯಮಾತಾರಾಜ ಹೇಳಿಕೊಡುತ್ತೇನೆ. ಹುಡುಗರು ಹೆಕ್ಸ್ ಟೇಬಲ್ ಅಂತೂ ನೆನಪಿಟ್ಟುಕೊಳ್ಳುವುದಿಲ್ಲ.

ಸ್ಪ್ರಿಂಟ್ ಹುಡುಗಿ, ಬೆಂಗಳೂರು

ಅಂಕಲ್, ಆಂಟಿ, ಎಲ್ಲರಿಗೂ ನಮಸ್ತೆ. ನನಗೆ 29. ಮಾರನೇ ದಿನ ಉತ್ತರ ಬರುತ್ತಿತ್ತು ಅಂದಿರಲ್ಲ, ನನಗೆ ಹೊಟ್ಟೆಕಿಚ್ಚಾಯಿತು. ನಮಗೆ ಕೋಡ್ ಹಾಕಿದ ನಿಮಿಷದಲ್ಲೇ ಉತ್ತರ ಬರಬೇಕು. ಆನ್‌ಕಾಲ್ ವಾರದಲ್ಲಿ ರಾತ್ರಿ ಎರಡಕ್ಕೂ ಫೋನ್ ಕಿರುಚುತ್ತೆ. ರಜೆಯಲ್ಲಿದ್ದರೂ ತೊಡೆಯ ಮೇಲೆ ಫೋನ್ ನಡುಗಿದ ಹಾಗೆ ಅನ್ನಿಸುತ್ತೆ, ನೋಡಿದರೆ ಫೋನ್ ಅಲ್ಲಿರುವುದೇ ಇಲ್ಲ. ಇದೆಲ್ಲ ಅರವತ್ತಕ್ಕೇ ಶುರು ಮಾಡಬೇಕಾ? ಈಗಲೇ ಮಾಡಿದರೆ ಆಗಲ್ವಾ?

ಕಾಲಂ72, ಮೈಸೂರು

ಧಾರಾಳವಾಗಿ ಮಾಡಮ್ಮ. ಆದರೆ ನಿನ್ನ ಪ್ರಶ್ನೆಗೆ ಚುವಾಂಗ್ ತ್ಸು ಪುಸ್ತಕದಲ್ಲಿ ಒಂದು ಕಥೆಯಿದೆ. ಈ ಚರ್ಚೆ ಶುರು ಮಾಡಿದಾಗಿಂದ ಅದನ್ನು ಹೇಳಬೇಕೆಂದೇ ಇದ್ದೆ.

ಕನ್ಫ್ಯೂಷಿಯಸ್‌ನ ಶಿಷ್ಯ ತ್ಸುಗುಂಗ್ ಪ್ರಯಾಣ ಹೋಗುತ್ತಿರುತ್ತಾನೆ. ದಾರಿಯಲ್ಲಿ ಒಬ್ಬ ಮುದುಕ ತೋಟಕ್ಕೆ ನೀರು ಹಾಕುತ್ತಿದ್ದಾನೆ. ಬಾವಿಗೆ ಇಳಿದು, ಕೊಡ ತುಂಬಿಸಿ, ಹೊತ್ತು ತಂದು ಸುರಿಯುತ್ತಾನೆ. ಶ್ರಮ ಬೆಟ್ಟದಷ್ಟು, ಫಲ ಕಡಿಮೆ. ತ್ಸುಗುಂಗ್ ಹೇಳುತ್ತಾನೆ, ಇದಕ್ಕೊಂದು ಯಂತ್ರ ಇದೆ. ಮರದ್ದು. ಹಿಂದೆ ಭಾರ, ಮುಂದೆ ಹಗುರ. ದಿನಕ್ಕೆ ನೂರು ಪಾತಿಗೆ ನೀರು ಹಾಯಿಸಬಹುದು. ಅದೇ ನಮ್ಮ ಏತ! ಮುದುಕನಿಗೆ ಸಿಟ್ಟು ಬರುತ್ತದೆ, ಆಮೇಲೆ ನಗುತ್ತಾನೆ. ಯಂತ್ರ ಇದ್ದಲ್ಲಿ ಯಂತ್ರದ ಕೆಲಸ ಹುಟ್ಟುತ್ತದೆ, ಯಂತ್ರದ ಕೆಲಸ ಇದ್ದಲ್ಲಿ ಯಂತ್ರದ ಮನಸ್ಸು ಹುಟ್ಟುತ್ತದೆ ಎಂದು ಗುರುಗಳಿಂದ ಕೇಳಿದ್ದೇನೆ. ನಿನ್ನ ಯಂತ್ರ ನನಗೆ ಗೊತ್ತಿಲ್ಲ ಅಂತಲ್ಲ, ಬಳಸಲು ನಾಚಿಕೆ ಅನ್ನುತ್ತಾನೆ.

ತೊಡೆಯ ಮೇಲೆ ಇಲ್ಲದ ಫೋನ್ ನಡುಗುತ್ತದಲ್ಲ, ಮುದುಕ ಹೇಳಿದ ಯಂತ್ರದ ಮನಸ್ಸು ಅದೇ ಅಂತ ನನ್ನ ಲೆಕ್ಕ.

ಅಡ್ಡಪ್ರಶ್ನೆ, ದಾವಣಗೆರೆ

ಏತದ ಮಾತು ಬಂದಮೇಲೆ ನಾನು ಸುಮ್ಮನಿರಲಾರೆ. ನಾನು ಏತ ಹೊಡೆದವನು. ನಮ್ಮ ತೋಟದಲ್ಲಿ ಮೊದಲು ಏತ, ಆಮೇಲೆ ಎತ್ತು ಕಟ್ಟಿದ ಕಪಿಲೆ. ಕೊಡದಲ್ಲಿ ನೀರು ಹೊತ್ತು ತೋಟಕ್ಕೆ ಹಾಕಿದವರಿಗೆ ಗೊತ್ತು ಆ ಮುದುಕ ಏನು ಮಾತಾಡಿದ ಅಂತ. ನಮ್ಮವ್ವ ಹೊತ್ತವಳು. ಅವಳ ಸೊಂಟ ಸರಿಯಾಗಲೇ ಇಲ್ಲ. ಅವಳಿಗೆ ಈ ಕಥೆ ಹೇಳಿದ್ದರೆ ಆ ಮುದುಕನನ್ನೇ ಬಾವಿಗೆ ನೂಕುತ್ತಿದ್ದಳು. ಏತ ಬಂದಮೇಲೆ ಹಾಡು ಹೇಳುತ್ತಾ ನೀರು ಎತ್ತಿದರು ನಮ್ಮ ಜನ. ಯಂತ್ರದ ಮನಸ್ಸು ಎಲ್ಲಿ ಬಂತು?

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕಪಿಲೆಯ ಜಾಗಕ್ಕೆ ಪಂಪ್‌ಸೆಟ್ ಬಂತು, ಪಂಪ್‌ಸೆಟ್ ಜಾಗಕ್ಕೆ ಬೋರ್‌ವೆಲ್. ಏತ ಎತ್ತಿದಷ್ಟು ನೀರು ಬಾವಿಗೆ ರಾತ್ರಿ ಮತ್ತೆ ಊರುತ್ತಿತ್ತು. ಈಗ ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆಯುತ್ತಾರೆ. ನಮ್ಮ ಬಾವಿ ಒಣಗಿ ಕಸದ ಗುಂಡಿಯಾಗಿದೆ. ಮುದುಕ ಏತವನ್ನು ಬಿಟ್ಟು ಬೋರ್‌ವೆಲ್ಲನ್ನು ಬೈದಿದ್ದರೆ ನಾನು ಅವನ ಶಿಷ್ಯನಾಗುತ್ತಿದ್ದೆ.

ಯಂತ್ರದ ಮನಸ್ಸನ್ನು ನಾನು ನೋಡಿದ್ದು ಕಚೇರಿಯಲ್ಲಿ. ಕರೆಂಟ್ ಬಿಲ್ಲಿನ ವಿಭಾಗದಲ್ಲಿದ್ದೆ. ಬಿಲ್ಲು ಕೈಬರಹದಿಂದ ಕಂಪ್ಯೂಟರಿಗೆ ಹೋದ ಹೊಸತು. ಒಂದೇ ಬಲ್ಬಿದ್ದ ಮನೆಗೆ ನಾಲ್ಕಂಕಿಯ ಬಿಲ್ಲು ಬಂತು. ಮೀಟರಿನ ಅಂಕಿ ಪಂಚ್ ಮಾಡುವಾಗ ಕಾಲಂ ಪಕ್ಕಕ್ಕೆ ಸರಿದಿತ್ತು. ಆ ಮುದುಕಿ ದಿನಾ ಬಂದು ನಿಲ್ಲುತ್ತಿದ್ದಳು. ಮೇಲಿನವರು ಹೇಳಿದ್ದು ಒಂದೇ, ಕಂಪ್ಯೂಟರ್ ಹೇಳಿದೆ, ತಪ್ಪಿರಲು ಸಾಧ್ಯವಿಲ್ಲ. ಅದೇ ಬಿಲ್ಲನ್ನು ಗುಮಾಸ್ತ ಕೈಯಲ್ಲಿ ಬರೆದಿದ್ದರೆ ಎರಡು ನಿಮಿಷಕ್ಕೆ ಗೀಟು ಹಾಕಿ ತಿದ್ದುತ್ತಿದ್ದ. ಮೆಷಿನ್ನಿನ ತಪ್ಪಲ್ಲ ಅದು. ಮನುಷ್ಯ ತನ್ನ ಕಣ್ಣನ್ನು ಅದಕ್ಕೆ ಒಪ್ಪಿಸಿ ಕೈಕಟ್ಟಿ ಕೂತದ್ದು.

ಸೆರಂಗೂನ್ ರಸ್ತೆ, ಸಿಂಗಪುರ

ಈ ಪೋಸ್ಟನ್ನು ಎರಡು ಸಲ ಓದಿದೆ ಸರ್. ಕಥೆಯ ಕೊನೆಯನ್ನು ಕಾಲಂ72 ಅವರು ಬಿಟ್ಟಿದ್ದಾರೆ, ನಾನು ಸೇರಿಸುತ್ತೇನೆ. ತ್ಸುಗುಂಗ್ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಹೋಗಿ ಗುರುವಿಗೆ ಹೇಳುತ್ತಾನೆ. ಕನ್ಫ್ಯೂಷಿಯಸ್ ಬೆರಗಾಗುವುದಿಲ್ಲ. ಆ ಮುದುಕನಿಗೆ ಒಂದು ಗೊತ್ತು, ಎರಡು ಗೊತ್ತಿಲ್ಲ. ಒಳಗನ್ನು ನೋಡಿಕೊಳ್ಳುತ್ತಾನೆ, ಹೊರಗನ್ನು ಬಿಟ್ಟಿದ್ದಾನೆ ಎನ್ನುವ ಅರ್ಥದ ಮಾತು ಹೇಳುತ್ತಾನೆ. ಅಂದರೆ ಮುದುಕನಿಗೂ ಪೂರ್ತಿ ಅಂಕ ಸಿಗುವುದಿಲ್ಲ. ಇದನ್ನು ಹೇಗೆ ಓದಬೇಕೆಂದು ಪಂಡಿತರು ಜಗಳ ಆಡುತ್ತಲೇ ಇದ್ದಾರೆ. ನಾನಂತೂ ನಿಮ್ಮ ಅಮ್ಮನ ಪಕ್ಷ.

ಲೆಡ್ಜರ್ ಮೇಡಂ, ಶಿವಮೊಗ್ಗ

ಆಮೇಲೆ ಬರೆಯುತ್ತೇನೆ ಅಂದಿದ್ದೆ.

ನಮ್ಮವರು ಹೋದ ಮೇಲೆ ಮಗಳು ಒಂದು ಪುಸ್ತಕ ಕಳಿಸಿದಳು. ಅದರಲ್ಲಿ ಚುವಾಂಗ್ ತ್ಸುವಿನ ಹೆಂಡತಿ ಸತ್ತ ಪ್ರಸಂಗ ಇತ್ತು. ಗೆಳೆಯ ಸಾಂತ್ವನ ಹೇಳಲು ಬಂದರೆ ಇವನು ಕಾಲು ಚಾಚಿ ಕೂತು ಬೋಗುಣಿ ಬಡಿಯುತ್ತಾ ಹಾಡುತ್ತಿದ್ದಾನೆ. ಓದಿ ಪುಸ್ತಕವನ್ನು ಕಪಾಟಿನ ಮೇಲೆ ಎಸೆದೆ. ಗಂಡಸರಿಗೆ ಹಾಡುವುದು ಸುಲಭ ಅಂದುಕೊಂಡೆ. ತುಂಬಾ ತಿಂಗಳಾದ ಮೇಲೆ ಧೂಳು ಹೊಡೆಯುವಾಗ ಸಿಕ್ಕಿತು, ಮುಂದಿನ ಸಾಲುಗಳನ್ನು ಓದಿದೆ. ಗೆಳೆಯ ಬೈದಾಗ ಅವನು ಹೇಳುತ್ತಾನೆ, ಅವಳು ಸತ್ತಾಗ ನನಗೆ ಮಾತ್ರ ದುಃಖ ಆಗದೆ ಇರುತ್ತದೆಯೇ ಅಂತ. ಮೊದಲು ಅತ್ತಿದ್ದಾನೆ. ಹಾಡು ಬಂದದ್ದು ಆಮೇಲೆ. ಈ ಪ್ರಸಂಗವನ್ನು ಹೇಳುವವರೆಲ್ಲ ಬೋಗುಣಿಯನ್ನು ಹೇಳುತ್ತಾರೆ, ಇದನ್ನು ಬಿಡುತ್ತಾರೆ. ನನಗೆ ಬೇಕಾಗಿದ್ದುದು ಇದೇ.

ನಾನು ಹಾಡುವ ಹಂತಕ್ಕೆ ಬಂದಿಲ್ಲ. ಬರಬೇಕು ಅಂತಲೂ ಇಲ್ಲ. ತೈಚಿಯ 24 ಚಲನೆಗಳನ್ನು ವಿಡಿಯೋ ನೋಡಿ ಕಲಿತೆ, ಮಗಳು ಬಂದಾಗ ತಿದ್ದಿದಳು. ಸಂಜೆ ಐದಕ್ಕೆ ಮಾಡುತ್ತೇನೆ. ಅವರು ವಾಕಿಂಗ್ ಮುಗಿಸಿ ಬರುತ್ತಿದ್ದ ಹೊತ್ತು. ಬ್ಯಾಂಕಿನ ಅಭ್ಯಾಸ ನನಗೆ, ದಿನದ ಕೊನೆಗೆ ಎಲ್ಲ ಟ್ಯಾಲಿ ಆಗಬೇಕು. ಈ ಹೊತ್ತು ಟ್ಯಾಲಿ ಆಗುವುದಿಲ್ಲ. ತೈಚಿ ಮಾಡುವಾಗ ಆಗದಿದ್ದರೂ ನಡೆಯುತ್ತದೆ.

ಯಾರೂ ಸಾಂತ್ವನ ಬರೆಯಬೇಡಿ, ದಯವಿಟ್ಟು.

ಹೆಕ್ಸ್‌ಕೀಪ್ಯಾಡ್, ಹುಬ್ಬಳ್ಳಿ

ಸರಿ ಮೇಡಂ. ಬರೆಯುವುದಿಲ್ಲ. ಎಎಲ್‌ಪಿಎಂ ರೂಮಿನ ಕಥೆ ಇನ್ನೂ ಇದ್ದರೆ ಬರೆಯಿರಿ.

ಫಿಸಿಯೋ ಅಕ್ಕ, ಮಂಗಳೂರು

ಎಲ್ಲರೂ ವಯಸ್ಸಾದವರೇ ಬರೆಯುತ್ತಿರುವುದರಿಂದ ಒಂದಿಷ್ಟು ಕೆಲಸದ ಮಾತು. ತೈಚಿ ನಿಯಮಿತವಾಗಿ ಮಾಡುವ ಹಿರಿಯರಲ್ಲಿ ಬೀಳುವುದು ಕಡಿಮೆಯಾಗುತ್ತದೆ ಎಂದು ಸಾಕಷ್ಟು ಅಧ್ಯಯನಗಳಲ್ಲಿ ಕಂಡಿದೆ. ಆದರೆ ನನ್ನ ಹತ್ತಿರ ತೈಚಿಯಿಂದಲೇ ಮಂಡಿ ಕೆಡಿಸಿಕೊಂಡು ಬರುವವರೂ ಇದ್ದಾರೆ. ವಿಡಿಯೋದಲ್ಲಿ ಹುಡುಗರು ಕೆಳಗೆ ಕೂತಷ್ಟು ನೀವು ಕೂರಬೇಕಿಲ್ಲ. ಮಂಡಿ ಪಾದದ ಬೆರಳಿನ ದಿಕ್ಕಿಗೇ ಇರಲಿ, ಒಳಗೆ ವಾಲಬಾರದು. ಭಾರ ಇರುವ ಕಾಲನ್ನು ನೆಲದ ಮೇಲೆ ತಿರುಚಬೇಡಿ. ಮೊದಲು ಭಾರ ಇನ್ನೊಂದು ಕಾಲಿಗೆ ದಾಟಿಸಿ, ಆಮೇಲೆ ಪಾದ ತಿರುಗಿಸಿ. ಬಿಪಿ ಇದ್ದವರು ಉಸಿರು ಹಿಡಿಯಲೇಬಾರದು. ಸುಮ್ಮನೆ ನಿಲ್ಲುವ ಅಭ್ಯಾಸದಲ್ಲಿ ತಲೆ ಹಗುರ ಅನ್ನಿಸಿದರೆ ಅದು ಸಿದ್ಧಿ ಅಲ್ಲ, ಕೂತುಕೊಳ್ಳಿ.

ಸ್ಪ್ರಿಂಟ್ ಹುಡುಗಿ, ಬೆಂಗಳೂರು

ಸಿದ್ಧಿ ಅಲ್ಲ, ಕೂತುಕೊಳ್ಳಿ! ಇದನ್ನು ನಮ್ಮ ಮ್ಯಾನೇಜರಿಗೆ ಕಳಿಸುತ್ತೇನೆ. ತಾವೋ ಮಂದಿ ಅಮರತ್ವದ ಗುಳಿಗೆ ಮಾಡುತ್ತಿದ್ದರಂತಲ್ಲ, ಅದೇನು ಅಂಕಲ್?

ಸೆರಂಗೂನ್ ರಸ್ತೆ, ಸಿಂಗಪುರ

ಮಾಡುತ್ತಿದ್ದರು. ಪಾದರಸದ ಅದಿರು ಹಾಕಿ ಕುದಿಸಿದ ಗುಳಿಗೆ. ಅದನ್ನು ನುಂಗಿ ಸತ್ತ ಚಕ್ರವರ್ತಿಗಳೂ ಇದ್ದಾರೆ. ಆದರೆ ಇದಕ್ಕೊಂದು ಒಳ್ಳೆಯ ಮರುಪ್ರಸಂಗ ಇದೆ. ಚೆಂಗೀಸ್ ಖಾನನಿಗೆ ವಯಸ್ಸಾಗುತ್ತಿತ್ತು. ಚಿಯು ಚುಜಿ ಎಂಬ ತಾವೋ ಗುರುವಿಗೆ ಕರೆ ಕಳಿಸಿದ. ಗುರುವಿಗೆ ಆಗಲೇ ಎಪ್ಪತ್ತು ದಾಟಿತ್ತು. 1220ರಲ್ಲಿ ಶಾಂಡಾಂಗ್‌ನಿಂದ ಹೊರಟು, ಮರುಭೂಮಿ ದಾಟಿ, ಸಮರ್ಕಂದ್ ಮೇಲೆ, 1222ರಲ್ಲಿ ಹಿಂದೂಕುಶ್ ಬೆಟ್ಟದ ಹತ್ತಿರ ಖಾನನ ಡೇರೆ ತಲುಪಿದ. ಖಾನ ಕೇಳಿದ್ದು ಒಂದೇ, ಸಾವಿಲ್ಲದ ಔಷಧಿ ತಂದಿದ್ದೀಯಾ? ಬದುಕನ್ನು ಕಾಪಾಡಿಕೊಳ್ಳುವ ದಾರಿ ಇದೆ, ಸಾವಿಲ್ಲದ ಔಷಧಿ ಇಲ್ಲ ಅಂದ ಗುರು. ಖಾನನ ಎದುರು ಹಾಗೆ ಹೇಳಲು ಗುಂಡಿಗೆ ಬೇಕು. ಖಾನ ಸಿಟ್ಟಾಗಲಿಲ್ಲ, ಮರ್ಯಾದೆ ಮಾಡಿ ಕಳಿಸಿದ. ಬೀಜಿಂಗ್‌ನ ಬಿಳಿಮೋಡದ ದೇವಾಲಯದಲ್ಲಿ ಆ ಗುರುವಿನ ಸಮಾಧಿ ಇದೆ. ನಾನು ನೋಡಿ ಬಂದಿದ್ದೇನೆ.

ಅಡ್ಡಪ್ರಶ್ನೆ, ದಾವಣಗೆರೆ

ಇವನು ಪರವಾಗಿಲ್ಲ. ಬಾವಿ ಮುದುಕನಿಗಿಂತ ಮೇಲು.

ಫಿಸಿಯೋ ಅಕ್ಕನಿಗೆ ಒಂದು ಪ್ರಶ್ನೆ. ತಾವೋ ಅಂತ ಅಲ್ಲ, ಸುಮ್ನೆ ಕೇಳುತ್ತಿದ್ದೇನೆ. ನನ್ನ ಬಲ ಮಂಡಿಯಲ್ಲಿ ಸವೆತ ಇದೆ ಅಂದಿದ್ದಾರೆ ಡಾಕ್ಟರು. ಕಾಲಂ72 ಅವರ ಆ ಎಂಟು ಚಲನೆಗಳಲ್ಲಿ ಯಾವುದನ್ನು ಬಿಡಬೇಕು?

ಫಿಸಿಯೋ ಅಕ್ಕ, ಮಂಗಳೂರು

ಕಾಲು ಅಗಲ ಮಾಡಿ ಕೂರುವ ಭಂಗಿಗಳಿವೆ, ಬಿಲ್ಲು ಎಳೆಯುವುದು ಮತ್ತು ಮುಷ್ಟಿ ಚಾಚುವುದು. ಅವನ್ನು ಕೂರದೆ, ನೆಟ್ಟಗೆ ನಿಂತೇ ಮಾಡಿ. ಕೊನೆಯಲ್ಲಿ ಹಿಮ್ಮಡಿ ಎತ್ತಿ ಧಪ್ ಅಂತ ಇಳಿಸುವುದು ಬೇಡ, ನಿಧಾನ ಇಳಿಸಿ. ಬಗ್ಗಿ ಪಾದ ಮುಟ್ಟುವುದರಲ್ಲಿ ಮಂಡಿಯವರೆಗೆ ಬಂದರೆ ಸಾಕು. ಪಕ್ಕದಲ್ಲಿ ಕುರ್ಚಿ ಇರಲಿ. ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಕೇಳಿ.

ಅಡ್ಡಪ್ರಶ್ನೆ, ದಾವಣಗೆರೆ

ಕಾಫಿ ಮೊದಲೋ, ಇದು ಮೊದಲೋ?

ಕಾಲಂ72, ಮೈಸೂರು

ಕ್ಯುಪರ್ಟಿನೋದ ಅಜ್ಜಿ ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದರು. ನಾನು ಕಾಫಿ ಕುಡಿದೇ ಹೋಗುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ.